ಕೆಂಪು ಚುಕ್ಕೆಯ ಬ್ರೇಕು

ನಮ್ಮ ಮನೆಯಲ್ಲಿ ಉಗುರುಬಣ್ಣ ಹಚ್ಚಿಕೊಳ್ಳುವುದು ಬೋಲ್ಟುಗಳು ಮಾತ್ರ. ಮದುವೆಯಾದ ಹೊಸದರಲ್ಲಿ ನಾನು ಆಸೆಪಟ್ಟು ಕೊಂಡ ಕೆಂಪು ಶೀಶೆ ಎರಡನೇ ವಾರಕ್ಕೇ ಕಾಣೆಯಾಯಿತು. ಮನೆಯೆಲ್ಲ ಜಾಲಾಡಿ, ಕೊನೆಗೆ ಯಜಮಾನರ ಗ್ಯಾರೇಜಿಗೆ ಹೋಗಿ ನೋಡಿದರೆ ಅದು ಸ್ಪ್ಯಾನರುಗಳ ಪೆಟ್ಟಿಗೆಯಲ್ಲಿ ಹಾಯಾಗಿ ಕೂತಿತ್ತು. ಬಿಗಿ ಮಾಡಿದ ಪ್ರತಿ ಬೋಲ್ಟಿನ ತಲೆಗೂ ಬುಡಕ್ಕೂ ಒಟ್ಟಿಗೆ ತಾಗುವಂತೆ ಅವರು ಅದರಿಂದ ಒಂದು ಚುಕ್ಕೆ ಇಡುತ್ತಿದ್ದರು. ಚುಕ್ಕೆ ಒಡೆದಿದ್ದರೆ ಬೋಲ್ಟು ಸಡಿಲವಾಗಿದೆ ಎಂದು ನೋಡಿದ ಕೂಡಲೇ ಗೊತ್ತಾಗುತ್ತದೆ. ಉಪಾಯವೇನೋ ಒಳ್ಳೆಯದೇ. ಆದರೆ ವರ್ಷಗಳು ಕಳೆದಂತೆ ಆ ಚುಕ್ಕೆ ಒಂದು ಅಪ್ಪಣೆಯೇ ಆಗಿಹೋಯಿತು: ಇದು ಸರಿಯಾಗಿದೆ, ಇನ್ನು ಯಾರೂ ಮುಟ್ಟಕೂಡದು. ಶೀಶೆ ಖಾಲಿಯಾದಾಗಲೆಲ್ಲ ಅದೇ ಬಣ್ಣದ ಇನ್ನೊಂದು ಬರುತ್ತಿತ್ತು. ನನಗಲ್ಲ, ಬೋಲ್ಟುಗಳಿಗೆ.

ಯಜಮಾನರು ಬ್ರೇಕ್ ಬಿಟ್ಟು ಬೇರೆ ಕೆಲಸ ಮುಟ್ಟುವವರಲ್ಲ. ಅದೂ ವೇಗದ ಬೈಕುಗಳ ಬ್ರೇಕು. "ಓಡೋಕೆ ಯಾವ ಕತ್ತೆಗಾದ್ರೂ ಬರುತ್ತೆ. ನಿಲ್ಲೋದರಲ್ಲಿರೋದು ಗತ್ತು" ಎನ್ನುತ್ತಾರೆ. ಗಿರಾಕಿಗಳು ಅವರನ್ನು ಬ್ರೇಕ್ ಮೇಷ್ಟ್ರು ಎಂದು ಕರೆದಾಗ ಎದೆ ಒಂದೂವರೆ ಇಂಚು ಉಬ್ಬುತ್ತದೆ. ನಾನು ದರ್ಜಿ, ಇಂಚಿನ ವಿಷಯದಲ್ಲಿ ಸುಳ್ಳು ಹೇಳುವುದಿಲ್ಲ. ಗ್ಯಾರೇಜಿನ ಹಿಂದಿನ ಕೋಣೆಯಲ್ಲಿ ಕೂತು ಬೈಕ್ ಸವಾರರಿಗೆ ಚರ್ಮದ ಜಾಕೆಟ್ಟು, ಕೈಗವಸು ಹೊಲಿಯುತ್ತೇನೆ. ನಡುವಿನ ಗೋಡೆಗೆ ಒಂದು ಕಿಟಕಿ. ಚಹಾ, ಜಗಳ ಎರಡೂ ಅದರಲ್ಲೇ ಓಡಾಡುತ್ತವೆ.

ನಮಗೊಬ್ಬಳೇ ಮಗಳು, ಗುಬ್ಬಿ. ಆಳು ಸಣ್ಣಗಿದ್ದಾಳೆಂದು ಬಂದ ಹೆಸರು ಇಪ್ಪತ್ತನಾಲ್ಕು ತುಂಬಿದರೂ ಬಿಡಲಿಲ್ಲ. ಅವಳು ಮನಸ್ಸಿಟ್ಟದ್ದು ಒಂದೇ ಕೆಲಸದ ಮೇಲೆ: ಬೈಕ್ ಸವಾರಿ ಶಾಲೆಯಲ್ಲಿ ಕಲಿಸುವುದು. ಅಲ್ಲಿ ಖಾಲಿಯಿದ್ದದ್ದೂ ಒಂದೇ ಜಾಗ. ಪರೀಕ್ಷೆ ಕೇಳಲು ಬಲು ಸುಲಭ. ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಬಂದು, ಮೊದಲ ಗೆರೆ ದಾಟಿದೊಡನೆ ಬ್ರೇಕ್ ಹಿಡಿದು, ಎರಡನೇ ಗೆರೆಯೊಳಗೆ ನಿಲ್ಲಬೇಕು. ಸತತವಾಗಿ ಮೂರು ಸಲ. ಒಂದು ಸಲ ಗೆರೆ ದಾಟಿದರೂ ಜಾಗ ಬೇರೆಯವರಿಗೆ.

ಯಜಮಾನರು ಅವಳಿಗೆಂದೇ ಒಂದು ಹಳೆಯ ಸ್ಪೋರ್ಟ್ಸ್ ಬೈಕ್ ತಂದು, ಪೂರ್ತಿ ಬಿಚ್ಚಿ, ತೊಳೆದು, ಮತ್ತೆ ಜೋಡಿಸಿದರು. ಕೆಲಸ ಮುಗಿದಾಗ ಅದರ ಮೈಮೇಲೆ ಎಷ್ಟು ಕೆಂಪು ಚುಕ್ಕೆಗಳಿದ್ದವೆಂದರೆ ಬೈಕಿಗೆ ದಡಾರ ಬಂದ ಹಾಗಿತ್ತು.

ಊರಾಚೆ ಉಗ್ರಾಣಗಳ ಹಿಂದೆ ಉದ್ದನೆಯ ಕಾಂಕ್ರೀಟ್ ದಾರಿಯಿದೆ. ಸಂಜೆ ಐದರ ಮೇಲೆ ಗೇಟು ಹಾಕಿದರೆ ಅಲ್ಲಿ ನರಪಿಳ್ಳೆಯೂ ಇರುವುದಿಲ್ಲ. ಕಾವಲುಗಾರ ನಮ್ಮ ಗಿರಾಕಿ, ನಮಗಾಗಿ ಗೇಟು ತೆಗೆಯುತ್ತಿದ್ದ. ನನ್ನ ಹೊಲಿಗೆಯ ಸೀಮೆಸುಣ್ಣದಲ್ಲಿ ಎರಡು ಗೆರೆ ಎಳೆದೆವು. ಗುಬ್ಬಿ ಬಂದಳು, ಬ್ರೇಕ್ ಹಿಡಿದಳು, ಗೆರೆ ದಾಟಿ ಒಂದು ಬೈಕಿನಷ್ಟು ಮುಂದೆ ಹೋಗಿ ನಿಂತಳು. ಹತ್ತು ಸಲ ಬಂದರೆ ಹತ್ತು ಸಲವೂ ಅಷ್ಟೇ. ಆಮೇಲೆ ಯಜಮಾನರು ಹತ್ತಿದರು. ಗೆರೆಗೆ ಇನ್ನೂ ಎರಡು ಅಡಿ ಇರುವಾಗಲೇ ಗಕ್ಕನೆ ನಿಂತು, ಹೆಲ್ಮೆಟ್ ತೆಗೆದು, ನನ್ನ ಕಡೆ ನೋಡಿದರು.

"ಬ್ರೇಕ್ ಸರಿಯಾಗೇ ಇದೆ" ಎಂದರು.

ಆದರೂ ಮಗಳ ವಿಷಯ, ಸುಮ್ಮನಿರಲಿಲ್ಲ. ಮರುದಿನ ಬ್ರೇಕ್ ಎಣ್ಣೆಯನ್ನೆಲ್ಲ ಹೊರತೆಗೆದು ಹೊಸದು ಹಾಕಿದರು. ಗಾಳಿಯ ಒಂದು ಗುಳ್ಳೆಯೂ ಉಳಿಯಬಾರದೆಂದು ಪೈಪನ್ನು ತಟ್ಟಿ ತಟ್ಟಿ ಎರಡು ತಾಸು ಕೂತರು. ಗುಬ್ಬಿ ಆಗಲೂ ಗೆರೆ ದಾಟಿದಳು. ಒತ್ತಡಕ್ಕೆ ಉಬ್ಬುವ ರಬ್ಬರ್ ಪೈಪು ತೆಗೆದು, ಉಕ್ಕಿನ ಹೆಣಿಗೆಯ ಪೈಪು ಹಾಕಿದರು. ಮತ್ತೆ ದಾಟಿದಳು. ಬ್ರೇಕಿನ ಪಿಸ್ಟನ್‌ಗಳನ್ನು ಬಿಚ್ಚಿ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದರು (ಯಾರ ಬ್ರಷ್ಷು ಎಂದು ನಾನು ಮರುದಿನ ಬೆಳಿಗ್ಗೆ ತಿಳಿದುಕೊಂಡೆ). ಚಕ್ರದ ಡಿಸ್ಕನ್ನು ಕಚ್ಚಿ ಹಿಡಿಯುವ ಹೊಸ ಪ್ಯಾಡ್ ಹಾಕಿ, ಅದು ಡಿಸ್ಕಿಗೆ ಹೊಂದಿಕೊಳ್ಳಲೆಂದು ಇಪ್ಪತ್ತು ಸಲ ಓಡಿಸಿ, ಹಿಡಿದು, ಬಿಟ್ಟು, ಆರಲು ಬಿಟ್ಟರು. ಪ್ರತಿ ಸಲವೂ ತಾವೇ ಹತ್ತಿ ನೋಡುತ್ತಿದ್ದರು, ಪ್ರತಿ ಸಲವೂ ಗೆರೆಯೊಳಗೆ ನಿಲ್ಲುತ್ತಿದ್ದರು, ಪ್ರತಿ ಸಲವೂ ಹೊಸ ಚುಕ್ಕೆ ಇಡುತ್ತಿದ್ದರು.

ಪರೀಕ್ಷೆಗೆ ನಾಲ್ಕು ದಿನ ಇರುವಾಗ ಗುಬ್ಬಿ ಮೆಲ್ಲಗೆ, "ಅಪ್ಪಾ, ಬ್ರೇಕಲ್ಲೇ ಏನೋ ಇರಬೇಕು" ಎಂದಳು.

ಅವರಿಗೆ ಮೂಗಿನ ತುದಿಯಲ್ಲೇ ಕೋಪ. "ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ. ನಾನು ಹಿಡಿದ್ರೆ ನಿಲ್ಲುತ್ತೆ, ನೀನು ಹಿಡಿದ್ರೆ ನಿಲ್ಲಲ್ಲ ಅಂದ್ರೆ ತಪ್ಪು ಎಲ್ಲಿದೆ, ನೀನೇ ಹೇಳು!"

ಗುಬ್ಬಿ ಅಂದಿನಿಂದ ಬ್ರೇಕಿನ ಮಾತನ್ನೇ ಬಿಟ್ಟಳು.

ಶುಕ್ರವಾರ ಮಧ್ಯಾಹ್ನ ಅವಳ ಹೊಸ ಕೈಗವಸಿಗೆ ಅಳತೆ ತೆಗೆಯಲು ಕೂರಿಸಿಕೊಂಡೆ. ಟೇಪು ಸುತ್ತುತ್ತಿರುವಾಗ, "ಅಮ್ಮ, ನಾನು ಹೆದರುಪುಕ್ಕಲಿ ಅನ್ಸುತ್ತೆ" ಎಂದಳು. "ಗೆರೆ ಬಂದ ತಕ್ಷಣ ಹಿಡೀಬೇಕು ಅಂತ ಗೊತ್ತು. ಕೈ ಹೋಗೋದೇ ತಡವಾಗುತ್ತೆ. ಹೆದರೋಳು ಬೇರೆಯವರಿಗೇನು ಕಲಿಸ್ತಾಳೆ? ಭಾನುವಾರ ಪರೀಕ್ಷೆಗೆ ಹೋಗೋದೇ ಬೇಡ ಅನ್ಕೊಂಡಿದ್ದೀನಿ."

ಐದನೇ ವಯಸ್ಸಿಗೆ ಮಾಡಿನ ಮೇಲೆ ಹತ್ತಿ ಕೂತಿದ್ದ ಹುಡುಗಿ ಇವಳು. ಹೆದರಿಕೆಯಂತೆ, ಹೆದರಿಕೆ! ಬೈಯಲು ಬಾಯಿ ತೆರೆದವಳು ಅವಳ ಬಲಗೈಯನ್ನು ಬೆಳಕಿಗೆ ಹಿಡಿದು ನೋಡಿದೆ. ನಾಲ್ಕು ಬೆರಳುಗಳ ತುದಿ ಮಾತ್ರ ಕೆಂಪಾಗಿ ದಡ್ಡುಗಟ್ಟಿತ್ತು. ನಡುವಿನ ಗೆಣ್ಣುಗಳು ಮಗುವಿನ ಕೈಯಂತೆ ಮೆತ್ತಗಿದ್ದವು. ಇಪ್ಪತ್ತೈದು ವರ್ಷದಿಂದ ಸವಾರರ ಕೈ ಅಳೆಯುತ್ತಿದ್ದೇನೆ. ಬ್ರೇಕ್ ಹಿಡಿಯುವವರ ದಡ್ಡು ಗೆಣ್ಣಿನ ಹತ್ತಿರ ಇರುತ್ತದೆ, ತುದಿಯಲ್ಲಲ್ಲ.

"ಏಳು, ಬೈಕ್ ಮೇಲೆ ಕೂತ್ಕೋ" ಎಂದೆ.

ಯಜಮಾನರು ಊಟ ಮುಗಿಸಿ ಒಳಗೆ ಮಲಗಿದ್ದರು. ಗುಬ್ಬಿ ಬೈಕ್ ಹತ್ತಿ ಬ್ರೇಕ್ ಲಿವರಿಗೆ ಕೈ ಚಾಚಿದಳು. ಚಾಚಿದಳು ಎಂದೇ ಹೇಳಬೇಕು. ಅಂಗೈಯನ್ನು ಹ್ಯಾಂಡಲಿನ ಹಿಡಿಯಿಂದ ಸ್ವಲ್ಪ ಸರಿಸಿ, ಬೆರಳು ನೀಡಿ, ಅಟ್ಟದ ಡಬ್ಬಿಯನ್ನು ಎಳೆಯುವವಳ ಹಾಗೆ ತುದಿಗಳಿಂದ ಕೊಕ್ಕೆ ಹಾಕಿದಳು. ಅಷ್ಟು ಹೊತ್ತಿಗೆ, ಆ ವೇಗದಲ್ಲಿ, ಬೈಕು ಎಷ್ಟು ದೂರ ಹೋಗಿರುತ್ತದೆ! ಹಿಡಿದ ಮೇಲೂ ತುದಿಬೆರಳಿಗೆ ಎಷ್ಟು ಬಲ ಬಂದೀತು?

ಲಿವರಿನ ಬುಡದಲ್ಲಿ ಅಂಕಿ ಕೆತ್ತಿದ ಒಂದು ಪುಟ್ಟ ಚಕ್ರ ಕಂಡಿತು. "ಇದೇನೇ?"

"ಲಿವರ್ ಹತ್ತಿರ ದೂರ ಮಾಡೋದು."

"ಮತ್ತೆ ಹತ್ತಿರ ಮಾಡ್ಕೊಳ್ಳೋಕೆ ನಿನಗೇನು ದಾಡಿ?"

ಕಳ್ಳತನಕ್ಕೆ ಕರೆದೆನೇನೋ ಎಂಬಂತೆ ನನ್ನನ್ನು ನೋಡಿದಳು. "ಅಮ್ಮಾ, ಚುಕ್ಕೆ ಇದೆ."

ಇತ್ತು. ಚಕ್ರದ ನೆತ್ತಿಯ ಮೇಲೆ, ನನ್ನದೇ ಉಗುರುಬಣ್ಣದ ಚುಕ್ಕೆ. ಏಳು ವರ್ಷದವಳಿದ್ದಾಗ ಅವಳು ಆಟಕ್ಕೆಂದು ಚುಕ್ಕೆಯಿದ್ದ ಒಂದು ತಿರುಪನ್ನು ತಿರುಗಿಸಿದ್ದಳು. ಅಪ್ಪ ಹೊಡೆಯಲಿಲ್ಲ, ಎರಡು ದಿನ ಮಾತು ಬಿಟ್ಟರು. ಆಮೇಲೆ ಆ ಹುಡುಗಿ ಬೆಂಕಿ ಮುಟ್ಟಿದರೂ ಮುಟ್ಟಿಯಾಳು, ಚುಕ್ಕೆ ಮುಟ್ಟುವವಳಲ್ಲ. ಲಿವರ್ ದೂರವಾಯಿತೆಂದು ಅವಳಿಗೆ ಅನ್ನಿಸಿತ್ತಂತೆ. ಅಪ್ಪ ಇಟ್ಟಿದ್ದೇ ಸರಿಯಿರಬೇಕು, ತನ್ನ ಕೈಯೇ ಸರಿಯಿಲ್ಲ ಎಂದುಕೊಂಡಳಂತೆ. ನನಗೆ ನಗು, ಸಿಟ್ಟು, ಅಳು ಮೂರೂ ಒಟ್ಟಿಗೇ ಬಂತು.

ಯಜಮಾನರನ್ನು ಎಬ್ಬಿಸಿ ಹೇಳಿದೆ. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಮನುಷ್ಯ. "ಬಟ್ಟೆ ಅಳೆಯೋಳು ಬ್ರೇಕ್ ಹೇಳಿಕೊಡೋಕೆ ಬಂದ್ಳು. ಲಿವರ್ ಎಲ್ಲಿರಬೇಕು ಅಂತ ನಾನೇ ಕೂತು ನೋಡಿ ಇಟ್ಟಿದ್ದೀನಿ ಕಣೇ!"

"ನೀವೇ ಕೂತು ನೋಡಿದ್ದೇ ತಪ್ಪಾಗಿದ್ದು" ಎಂದು ಹೇಳಿ ನನ್ನ ಕೋಣೆಗೆ ಬಂದೆ. ವಾದದಲ್ಲಿ ಅವರನ್ನು ಗೆದ್ದವರಿಲ್ಲ. ಹೊಲಿಗೆಯಲ್ಲಿ ನನ್ನನ್ನು ಗೆದ್ದವರಿಲ್ಲ. ಹೆಬ್ಬೆರಳಿನ ಸಂದಿಯಿಂದ ತೋರುಬೆರಳಿನ ನಡುಗೆಣ್ಣಿನವರೆಗೆ ಗುಬ್ಬಿಯ ಕೈ ಅವರ ಕೈಗಿಂತ ಒಂದು ಇಂಚು ಕಡಿಮೆಯಿತ್ತು. ಅವರ ಬೆರಳಿನ ನಿಲುಕೂ ಅಷ್ಟಕ್ಕೇ ಇಳಿಯಲೆಂದು ಅವರ ಬಲಗೈಯ ಗವಸಿನ ಹೊಲಿಗೆ ಬಿಚ್ಚಿ, ಜಾಕೆಟ್ಟಿನ ಮೊಣಕೈಗೆ ಇಡುವ ಗಟ್ಟಿ ಸ್ಪಂಜನ್ನು ಅಂಗೈಯೊಳಗೆ ಒಂದು ಇಂಚು ದಪ್ಪಕ್ಕೆ ಇಟ್ಟು ಹೊಲಿದೆ.

ಶನಿವಾರ ಸಂಜೆ ಉಗ್ರಾಣದ ದಾರಿಯಲ್ಲಿ ಅದನ್ನು ಅವರ ಕೈಗೆ ಕೊಟ್ಟೆ. "ಇದನ್ನ ಹಾಕ್ಕೊಂಡು ಒಂದೇ ಒಂದು ಸಲ ಗೆರೆಯೊಳಗೆ ನಿಲ್ಲಿಸಿ. ನಿಂತ್ರೆ ಒಂದು ವರ್ಷ ನಾನು ನಿಮ್ಮೆದುರು ತುಟಿ ಪಿಟಕ್ಕೆನ್ನಲ್ಲ."

ಇಂಥ ಬಹುಮಾನ ಯಾವ ಗಂಡ ಬಿಟ್ಟಾನು? ಗವಸಿನೊಳಗೆ ಕೈ ತುರುಕಿ, ಬೈಕ್ ಏರಿ, ಹೋಗಿ ತಿರುಗಿಸಿಕೊಂಡು ಬಂದರು. ಮೊದಲ ಗೆರೆ ದಾಟಿತು. ಬೆರಳುಗಳು ಲಿವರಿಗಾಗಿ ತಡಕಾಡುವುದು ದೂರದಿಂದಲೇ ಕಂಡಿತು. ಎರಡನೇ ಗೆರೆಯೂ ದಾಟಿತು. ಬೈಕು ಒಂದೂವರೆ ಬೈಕಿನಷ್ಟು ಆಚೆ ಹೋಗಿ ನಿಂತಿತು.

ಅವರು ಇಳಿಯಲಿಲ್ಲ. ಕೂತಲ್ಲೇ ಗವಸು ಕಳಚಿ, ಬೆರಳ ತುದಿಗಳನ್ನು ನೀವಿಕೊಂಡರು. ನಾವಿಬ್ಬರೂ ಹತ್ತಿರ ಹೋದೆವು.

"ಎಷ್ಟು ದಿನದಿಂದ ಹೀಗೆ ಹಿಡೀತಿದ್ದೀಯ?" ಎಂದು ಗುಬ್ಬಿಯನ್ನು ಕೇಳಿದರು.

"ಮೊದಲಿಂದ್ಲೂ."

"ಯಾಕೆ ಹೇಳ್ಲಿಲ್ಲ?"

"ನೀನು ಚುಕ್ಕೆ ಇಟ್ಟಿದ್ಯಲ್ಲಪ್ಪ."

ಅವರ ಮುಖ ಸಪ್ಪಗಾಯಿತು. ಬೈಕನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ ದಾರಿಯಂಚಿನ ಕಲ್ಲಿನ ಮೇಲೆ ಕೂತರು. "ಎಮ್ಮೆಗೆ ಜ್ವರ ಬಂದ್ರೆ ಎತ್ತಿಗೆ ಬರೆ ಹಾಕಿದ ಹಾಗಾಯ್ತು" ಎಂದರು. "ಬ್ರೇಕಿನದೂ ತಪ್ಪಲ್ಲ, ನಿನ್ನದೂ ತಪ್ಪಲ್ಲ ಮಗಳೇ. ನೆಲ ಡೊಂಕೇ ಇತ್ತು. ಡೊಂಕು ಮಾಡಿದೋನು ನಾನೇ."

ಮದುವೆಯಾಗಿ ಇಪ್ಪತ್ತೇಳು ವರ್ಷದಲ್ಲಿ ಅವರು ತಪ್ಪೊಪ್ಪಿಕೊಂಡದ್ದನ್ನು ನಾನು ಕೇಳಿದ್ದು ಅದೇ ಮೊದಲು. ಗೆದ್ದೆನೆಂದು ಕುಣಿಯಬೇಕೆಂದಿದ್ದವಳು ಹೋಗಿ ಅದೇ ಕಲ್ಲಿನ ಮೇಲೆ ಅವರ ಪಕ್ಕ ಕೂತೆ.

"ಲೇ, ಬಣ್ಣ ಹೋಗಿಸೋದು ಏನಾದ್ರೂ ಇದ್ಯಾ?" ಎಂದರು.

ಇಲ್ಲದೆ ಬರುತ್ತೇನೆಯೇ? ಚರ್ಮದ ಮೇಲಿನ ಅಂಟು ಒರೆಸಲು ನಾನು ಬಳಸುವ ಶೀಶೆ ಚೀಲದಲ್ಲೇ ಇತ್ತು. ಬಟ್ಟೆಯ ಚೂರಿಗೆ ಹಾಕಿಕೊಂಡು ಚುಕ್ಕೆಯನ್ನು ಅವರೇ ಒರೆಸಿದರು. "ನೀನೇ ತಿರುಗಿಸು" ಎಂದರು. ಗುಬ್ಬಿ ಒಮ್ಮೆ ಅವರ ಮುಖ ನೋಡಿ, ಉಸಿರು ಬಿಗಿಹಿಡಿದು ಲಿವರನ್ನು ಮುಂದಕ್ಕೊತ್ತಿ ಚಕ್ರ ತಿರುಗಿಸಿದಳು. ಟಕ್. ಟಕ್. ಟಕ್. ಬೆರಳುಗಳ ನಡುಗೆಣ್ಣು ಲಿವರಿನ ಮೇಲೆ ತಾನಾಗಿ ಕೂತಿತು.

ಆಮೇಲಿನ ಮೊದಲ ಓಟದಲ್ಲೇ ಗೆರೆಗೆ ಒಂದು ಅಡಿ ಇರುವಾಗ ನಿಂತಳು. ಕತ್ತಲಾಗುವ ಮುನ್ನ ಆರು ಸಲ ಬಂದಳು, ಆರು ಸಲವೂ ನಿಂತಳು. ಕಾವಲುಗಾರ ಚಪ್ಪಾಳೆ ತಟ್ಟಿದ. ಯಜಮಾನರಿಗೆ ಜೀವ ಬಂತು. "ಪೈಪಲ್ಲಿ ಗಾಳಿ ಇದ್ದಿದ್ರೆ ಇಷ್ಟು ಹತ್ತಿರ ತಂದಾಗ ಲಿವರ್ ಹಿಡಿಗೇ ಬಂದು ತಾಗ್ತಿತ್ತು, ಗೊತ್ತಾ? ತಾಗ್ಲಿಲ್ಲ ಅಂದ್ರೆ ಯಾರ ಕೆಲಸ ಅದು?" ಎಂದು ಮನೆ ಸೇರುವವರೆಗೂ ಹೇಳುತ್ತಲೇ ಇದ್ದರು. ನಾನು ತಲೆಯಾಡಿಸಿದೆ. ಪಾಪ, ಅದು ನಿಜವೂ ಆಗಿತ್ತು.

ಭಾನುವಾರ ಶಾಲೆಯ ಮೈದಾನದಲ್ಲಿ ನರೆಗೂದಲಿನ ಮುಖ್ಯಸ್ಥೆ ಗೆರೆಯ ಪಕ್ಕದಲ್ಲೇ ಮಂಡಿಯೂರಿ ಕೂತಿದ್ದರು. ಮೊದಲ ಸಲ ಸಲೀಸಾಗಿ ನಿಂತಿತು. ಎರಡನೇ ಸಲವೂ. ಮೂರನೇ ಸಲ ಅವಳು ಬರುವಾಗ ಯಜಮಾನರು ಕಣ್ಣು ಮುಚ್ಚಿಕೊಂಡು ನನ್ನ ಮಣಿಕಟ್ಟನ್ನು ಬ್ರೇಕ್ ಲಿವರೆಂದು ತಿಳಿದವರಂತೆ ಅದುಮಿದರು. ನಾನು ಕಣ್ಣು ಮುಚ್ಚಲಿಲ್ಲ. ಮುಂದಿನ ಚಕ್ರ ಗೆರೆಗೆ ಒಂದು ಗೇಣು ಇರುವಾಗ ನಿಂತಿತು.

ಮುಖ್ಯಸ್ಥೆ ಎದ್ದು ಗುಬ್ಬಿಯ ಕೈ ಕುಲುಕಿ, ಬೈಕಿನ ಸುತ್ತ ಒಂದು ಸುತ್ತು ಬಂದರು. "ಜಾಗ ನಿಮ್ಮದೇ. ಆದ್ರೆ ಈ ಬ್ರೇಕ್ ಸರಿ ಮಾಡಿಕೊಟ್ಟೋರು ಯಾರು?"

ಯಜಮಾನರು ಎದೆಯುಬ್ಬಿಸಿದರು. ಒಂದೂವರೆ ಇಂಚು. ಬಾಯಿ ತೆರೆದರು, ನನ್ನ ಕಡೆ ನೋಡಿದರು, ಎದೆ ಮೆಲ್ಲಗೆ ಇಳಿಯಿತು.

"ನಮ್ಮ ಮನೆ ದರ್ಜಿ" ಎಂದರು.

ಮುಖ್ಯಸ್ಥೆಗೆ ಏನೂ ಅರ್ಥವಾಗಲಿಲ್ಲ. ಅವರು ಅತ್ತ ಹೋದ ಮೇಲೆ ಯಜಮಾನರು ಜೇಬಿನಿಂದ ಕೆಂಪು ಶೀಶೆ ತೆಗೆದು ಮಗಳ ಮುಂದೆ ಹಿಡಿದರು. "ತಗೋ, ಇದು ನಿನ್ನ ಬೈಕು. ಇನ್ಮೇಲೆ ಚುಕ್ಕೆ ನೀನೇ ಇಡು."

ಗುಬ್ಬಿ ಮುಚ್ಚಳ ತೆಗೆದಳು. ಬ್ರಷ್ಷನ್ನು ಚಕ್ರದ ಹತ್ತಿರ ಒಯ್ದವಳು, ಏನನ್ನಿಸಿತೋ, ಅಪ್ಪನ ಬಲಗೈ ಹಿಡಿದೆಳೆದು ಹೆಬ್ಬೆರಳಿನ ಉಗುರಿನ ಮೇಲೆ ದುಂಡಗೆ ಒಂದು ಚುಕ್ಕೆ ಇಟ್ಟಳು.

"ಇದು ಸರಿಯಾಗಿದೆ. ಇನ್ನು ಯಾರೂ ಮುಟ್ಟಕೂಡದು" ಎಂದಳು.

ಈಗ ಯಾವ ಗಿರಾಕಿ ಬಂದರೂ ಯಜಮಾನರು ಬೈಕ್ ನೋಡುವ ಮೊದಲು "ಎಲ್ಲಿ, ಕೈ ಕೊಡಿ" ಎನ್ನುತ್ತಾರೆ. ನನ್ನ ಅಳತೆಯ ಟೇಪು ಕಾಣೆಯಾಗಿದೆ, ಎಲ್ಲಿದೆಯೆಂದು ಹುಡುಕಲೂ ಹೋಗಿಲ್ಲ. ಹೆಬ್ಬೆರಳಿನ ಚುಕ್ಕೆ ಮೂರು ವಾರವಾದರೂ ಹಾಗೇ ಇದೆ. ಕೈಗೆ ಎಣ್ಣೆ ಮೆತ್ತಿದಾಗ ಅದೊಂದು ಬೆರಳನ್ನು ಜೋಪಾನವಾಗಿ ಒರೆಸಿಕೊಳ್ಳುವುದನ್ನು ಕಿಟಕಿಯಿಂದ ನೋಡುತ್ತಿರುತ್ತೇನೆ. ಬಣ್ಣ ಹೋಗಿಸುವ ಶೀಶೆಯನ್ನು ಅವರು ಕೇಳಿಲ್ಲ. ಕೇಳಿದರೂ ನಾನು ಕೊಡುವುದಿಲ್ಲ.