ಹಿತ್ತಾಳೆಯ ಸಿಬಿರು

ಶಿಶುವಿಹಾರದ ಟೀಚರ್ ಆಟಿಕೆ ಪೆಟ್ಟಿಗೆಯನ್ನು ಮನೆಗೆ ವಾಪಸು ತಂದು, ಅದರಿಂದ ಮರದ ಮೀನನ್ನು ತೆಗೆದು ಮೇಜಿನ ಮೇಲೆ ಇಡುತ್ತಿದ್ದಂತೆ ಸಿಡುಕನಿಗೆ ಮೂಗಿನ ತುದಿಗೆ ಕೋಪ ಬಂತು. ಅವನಿಗೆ ಹಸಿವಿಗಿಂತ ಮೊದಲು ಸಿಟ್ಟು ಬರುತ್ತದೆ ಎನ್ನುತ್ತಿದ್ದ ಅಮ್ಮನೇ ಆ ಹೆಸರು ಇಟ್ಟವಳು.

"ಜೋಡಿಸೋಕೆ ಕೂತ ಮಕ್ಕಳ ಬೆರಳಿಗೆ ಏನೋ ಚುಚ್ತಿದೆ ಅಕ್ಕಾ," ಎಂದರು ಟೀಚರ್. "ಒಂದು ಮಗೂಗೆ ಕೀವೂ ಆಗಿದೆ."

ಅಮ್ಮ ತೆಳು ಹಲಗೆಯಲ್ಲಿ ಮೀನು, ಬಾತುಕೋಳಿ, ಬಸ್ಸು ಬರೆದು, ಮಕ್ಕಳು ಮತ್ತೆ ಜೋಡಿಸುವಂತೆ ತುಂಡು ತುಂಡಾಗಿ ಕತ್ತರಿಸುತ್ತಿದ್ದಳು. ಅದಕ್ಕೆಂದೇ ಮುಂದಿನ ಕೋಣೆಯಲ್ಲಿ ಸ್ಕ್ರಾಲ್ ಸಾ ಇತ್ತು. ಕಬ್ಬಿಣದ ಪುಟ್ಟ ಮೇಜು, ಅದರ ತೂತಿನಲ್ಲಿ ದಾರದಷ್ಟು ಸಪೂರ ಗರಗಸ ಮೇಲೆ ಕೆಳಗೆ ಕುಣಿಯುವ ಯಂತ್ರ. ಮಾದರಿಗೆಂದು ಕಳಿಸಿದ್ದ ಈ ಪೆಟ್ಟಿಗೆ ಒಪ್ಪಿಗೆಯಾದರೆ ಶಿಶುವಿಹಾರದ ಆಟಿಕೆಗಳೆಲ್ಲ ಇನ್ನು ಮುಂದೆ ಅವಳ ಕೈಯಿಂದಲೇ. ಇಲ್ಲವಾದರೆ ಅಂಗಡಿಯ ಪ್ಲಾಸ್ಟಿಕ್ಕು.

"ಮರಕ್ಕೆ ಹಲ್ಲಿರತ್ತಾ ಮೇಡಂ, ಕಚ್ಚೋಕೆ?" ಸಿಡುಕ ಎದ್ದು ನಿಂತ. "ಮೊದ್ಲು ನಿಮ್ಮ ನೆಲ ಗುಡಿಸ್ತಾರೋ ಇಲ್ವೋ ನೋಡ್ಕೊಳ್ಳಿ. ನಮ್ಮಮ್ಮ ಉಪ್ಪುಕಾಗದದಲ್ಲಿ ಉಜ್ಜಿ ಉಜ್ಜಿ ಬೆರಳ ಗೆರೇನೇ ಅಳಿಸ್ಕೊಂಡಿದಾಳೆ! ಪುಕ್ಕಟೆ ಬೇಕಿದ್ರೆ ನೇರವಾಗಿ ಕೇಳಿ, ನೆಪ ಯಾಕೆ?"

ಟೀಚರ್ ಮುಖ ಸಣ್ಣದಾಯಿತು.

"ಬಾಯಿಗೆ ಸ್ವಲ್ಪ ಬ್ರೇಕ್ ಹಾಕೋ," ಎಂದಳು ಅಮ್ಮ. ಹಾಸಿಗೆಯ ಹರಿದ ಮೂಲೆಯಿಂದ ಹತ್ತಿ ಕಿತ್ತು, ಮೀನಿನ ಮೇಲ್ಮೈಯ ಮೇಲೆ ಎಳೆದಳು. ಹತ್ತಿ ಜಾರಿತು. ಮೀನನ್ನು ಮಗುಚಿ ಅಡಿಭಾಗದ ಮೇಲೆ ಎಳೆದಳು. ಎಳೆಗಳು ಅಲ್ಲಲ್ಲಿ ಸಿಕ್ಕಿಕೊಂಡವು. ಬೆಳಕಿಗೆ ಹಿಡಿದರೆ ಮರದೊಳಗೆ ಹಳದಿಯದೇನೋ ಮಿನುಗಿತು.

ಹಿತ್ತಾಳೆ.

ಸಿಡುಕನ ಕಿವಿ ಬಿಸಿಯಾಯಿತು. ಶಾಲೆಗೆ ಅರ್ಧದಲ್ಲೇ ಕೈಮುಗಿದು ಬಂದಮೇಲೆ ಅವನು ಕಲಿತ ಒಂದೇ ಕೆಲಸ ಅದು: ಇದೇ ಯಂತ್ರದಲ್ಲಿ ಹಿತ್ತಾಳೆ ತಗಡು ಕತ್ತರಿಸಿ ಮನೆ ನಂಬರು, ದೀಪದ ಜಾಲರಿ ಮಾಡುವುದು. ತಗಡು ಅದುರದಂತೆ ಕೆಳಗೆ ಹಲಗೆ ಕೊಟ್ಟು, ಗರಗಸ ಕಾಯದಂತೆ ಮೇಣದಬತ್ತಿ ಸವರಿ, ನಿಧಾನಕ್ಕೆ ಓಡಿಸಿದರೆ ಎಂಥ ಬಳ್ಳಿ ಚಿತ್ತಾರವೂ ಸಲೀಸಾಗಿ ಬಿಡಿಸಿಕೊಂಡು ಬರುತ್ತಿತ್ತು. ಕೆಲಸ ಮುಗಿದ ಕೂಡಲೇ ಮೇಜನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸು ಎಂದು ಅಮ್ಮ ಬಡಿದುಕೊಂಡಿದ್ದಳು. ಮೇಣ ಮೇಜಿಗೆ ಅಂಟಿದರೆ ಲೋಹದ ಪುಡಿ ಅದರಲ್ಲೇ ಕೂರುತ್ತದೆ. ಆಮೇಲೆ ಅದರ ಮೇಲೆ ಎಳೆದಾಡುವ ಮೆತ್ತನೆ ಮರ ಅದನ್ನೆಲ್ಲ ಹೊಟ್ಟೆಗೆ ಹಾಕಿಕೊಳ್ಳುತ್ತದೆ. ಕಳೆದ ವಾರ ಅವನು ಮೇಜನ್ನು ಊದಿ, ಅಂಗಿಯ ತೋಳಿನಲ್ಲಿ ಒಮ್ಮೆ ಸವರಿ, ಗೆಳೆಯರ ಹತ್ತಿರ ಓಡಿದ್ದ.

ಅಮ್ಮ ಅವನತ್ತ ತಿರುಗಲೇ ಇಲ್ಲ. "ತಪ್ಪು ನಂದೇ," ಎಂದಳು ಟೀಚರಿಗೆ. "ಮೇಜು ಒರೆಸ್ದೆ ಕೆಲಸಕ್ಕೆ ಕೂತುಬಿಟ್ಟೆ."

"ನಿಮ್ಮ ಕೈಯಲ್ಲಿ ಹೀಗಾಯ್ತು ಅಂದ್ರೆ... ಇನ್ನು ನಾನು ಯಾವ ಧೈರ್ಯದ ಮೇಲೆ ತಗೊಳ್ಳಲಿ ಅಕ್ಕಾ?"

ಟೀಚರ್ ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ಹೊರಟರು. ಅಮ್ಮ ಬೈದಿದ್ದರೆ ಸಿಡುಕ ತಿರುಗಿ ಬೈಯಬಹುದಿತ್ತು. ಅವಳು ಮೀನಿನ ತುಂಡುಗಳನ್ನು ಪೆಟ್ಟಿಗೆಗೆ ಜೋಡಿಸುತ್ತ ಕೂತಳು. ನೋಡಲಾಗದೆ ಅವನು ಬೀದಿಗೆ ಇಳಿದ.

ತಿರುವಿನಲ್ಲಿ ಟೀಚರ್ ಸಿಕ್ಕರು.

"ಮೇಡಂ, ಅದು ಅಮ್ಮ ಮಾಡಿದ್ದಲ್ಲ. ತಗಡು ಕತ್ತರಿಸಿ ಒರೆಸ್ದೆ ಹೋದೋನು ನಾನು. ಆಗ ಅಷ್ಟೆಲ್ಲ ಕೂಗಾಡಿದ್ದು..."

ಟೀಚರ್ ಅವನನ್ನೇ ನೋಡಿದರು. "ಹಾಗಾದ್ರೆ ನಿಮ್ಮಮ್ಮ ನನಗೆ ಸುಳ್ಳು ಹೇಳಿದ್ರು."

ಅವನು ಇದನ್ನು ಯೋಚಿಸಿರಲಿಲ್ಲ. ಎದೆಯ ಭಾರ ಇಳಿಸಿಕೊಳ್ಳಲು ಬಂದವನು ಅದನ್ನು ಒಯ್ದು ಅಮ್ಮನ ತಲೆಯ ಮೇಲೆಯೇ ಇಟ್ಟಿದ್ದ. ನಡುಬೀದಿಯಲ್ಲಿ ಬಟ್ಟೆ ಕಳಚಿದಂತಾಯಿತು.

"ಅಲ್ಲ... ಹೌದು. ನನ್ನ ಮಾನ ಉಳಿಸೋಕೆ."

"ಬಾರಪ್ಪ," ಎಂದರು ಟೀಚರ್. "ಅವರ ಎದುರಿಗೇ ಹೇಳು."

ಬಾಗಿಲಲ್ಲಿ ಇಬ್ಬರನ್ನೂ ಕಂಡು ಅಮ್ಮನಿಗೆ ಎಲ್ಲ ತಿಳಿಯಿತು. "ಹೇಳ್ಬಿಟ್ಯಾ? ಭೇಷ್. ಮಾಡೋದೆಲ್ಲ ಮಾಡಿ ಕೊನೆಗೆ ನನ್ನನ್ನೇ ಸುಳ್ಳುಬುರುಕಿ ಮಾಡಿದೆ."

"ಅಕ್ಕಾ, ಯಾರು ಒರೆಸಿಲ್ಲ ಅನ್ನೋದು ಬಿಡಿ," ಎಂದರು ಟೀಚರ್. "ನನಗೆ ಬೇಕಾಗಿರೋದು ಒಂದೇ ಮಾತು. ಇನ್ನು ಮೇಲೆ ಈ ಯಂತ್ರದಲ್ಲಿ ಲೋಹ ಕತ್ತರಿಸ್ತೀರಾ?"

ಕಿಟಕಿಯಡಿ ಅವನ ಅರೆಬರೆ ಜಾಲರಿಯೊಂದು ಗೋಡೆಗೆ ಒರಗಿತ್ತು, ಅರ್ಧ ಬಳ್ಳಿ, ಉಳಿದರ್ಧ ಬರೀ ಪೆನ್ಸಿಲ್ ಗೆರೆ. ಅಮ್ಮ ಅದನ್ನು ನೋಡಿದಳು, ಮಗನನ್ನು ನೋಡಿದಳು. ಇನ್ನೊಂದು ಯಂತ್ರ ಕೊಳ್ಳುವ ಮಾತು ಆ ಮನೆಯಲ್ಲಿ ಇರಲಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

"ಅದಕ್ಕೆ ನಾನು ಮಾತು ಕೊಡೋಕಾಗಲ್ಲಮ್ಮ," ಎಂದಳು. "ಒಂದ್ಸಲ ಅವನ ಪರವಾಗಿ ಮಾತಾಡಿ ಆಯ್ತು. ಅವನನ್ನೇ ಕೇಳಿ."

ಸಿಡುಕ ತುಟಿ ಅಲ್ಲಾಡಿಸಿದ.

"ಏನಂದೆ? ಬೀದಿಗೆಲ್ಲ ಕೇಳೋ ಹಾಗೆ ಅರಚೋನು, ಈಗ ಗಂಟಲು ಎಲ್ಲಿಟ್ಟೆ?" ಎಂದಳು ಅಮ್ಮ.

"ಇಲ್ಲ," ಎಂದ ಅವನು. "ಇನ್ಮೇಲೆ ಕತ್ತರಿಸಲ್ಲ."

ಟೀಚರ್ ಸ್ಟೂಲು ಎಳೆದುಕೊಂಡು ಕೂತು, "ಹೊಸ ಪೆಟ್ಟಿಗೆ ಯಾವಾಗ ಕೊಡ್ತೀರಾ ಅಕ್ಕಾ?" ಎಂದರು.