ಸೊಟ್ಟ ಕಿರುಬೆರಳು

“ಚಿತ್ರದಲ್ಲಿ ಚಾಕು ಹಿಡಿದಿರೋ ಆ ಕೈ ನಂದೇ ಕಣಯ್ಯ! ಸೈಲಸ್ ಒಂದ್ಸಲ ನನ್ನ ಕೈಯನ್ನ ಎಷ್ಟು ಹೊತ್ತು ನೋಡ್ತಾ ನಿಂತಿದ್ದ ಗೊತ್ತಾ?” ಎಂದರು ಕಣ್ಣಿನ ಡಾಕ್ಟರ್ ಹಾರ್ಬಾಕ್, ಬಾಯಿ ತುಂಬ ಒಣದ್ರಾಕ್ಷಿ ಪೈ ಇಟ್ಟುಕೊಂಡೇ.

“ಬಿಡಯ್ಯ. ನನ್ನ ಮೂಳೆ ಪುಸ್ತಕದಲ್ಲೂ ಅದೇ ಕೈ ಇದೆ. ಅಲ್ಲಿ ನಿಂಗೇನು ಕೆಲಸ?” ಎಂದರು ಡಾಕ್ಟರ್ ಕ್ರೆಸ್‌ವೆಲ್.

ಇಬ್ಬರ ನಡುವೆ, ಶವಪೆಟ್ಟಿಗೆಯಲ್ಲಿ, ಆ ಚಿತ್ರಗಳನ್ನೆಲ್ಲ ಮರದ ಅಚ್ಚಿನಲ್ಲಿ ಕೊರೆದ ಸೈಲಸ್ ಉಮ್‌ಹೋಲ್ಟ್ಸ್ ತೆಪ್ಪಗೆ ಮಲಗಿದ್ದ. ಒಂದು ಕಾಲಕ್ಕೆ ಫಿಲಡೆಲ್ಫಿಯಾದಲ್ಲಿ ಶಸ್ತ್ರಚಿಕಿತ್ಸೆಯ ವಿದ್ಯೆಗೆಲ್ಲ ಒಂದೇ ದಪ್ಪ ಪುಸ್ತಕವಿತ್ತು. ಈಗ ಕಣ್ಣಿಗೊಬ್ಬ, ಮೂಳೆಗೊಬ್ಬ, ಗಂಟಲಿಗೊಬ್ಬ. ಅಣ್ಣತಮ್ಮಂದಿರು ಮನೆ ಪಾಲು ಮಾಡಿಕೊಂಡ ಹಾಗೆ ಮನುಷ್ಯನ ಮೈಯನ್ನು ಹಂಚಿಕೊಂಡು ಒಬ್ಬೊಬ್ಬರೂ ಒಂದೊಂದು ಪುಸ್ತಕ ಬರೆದಿದ್ದರು. ಅಚ್ಚುಗಳು ಮಾತ್ರ ಸೈಲಸ್‌ನ ಹಳೆಯವೇ.

ಅವನ ಹೆಂಡತಿ ಕೆಟುರಾಗೆ ಬಿಸಿ ಕಾಫಿಯನ್ನು ಇಬ್ಬರ ತಲೆ ಮೇಲೂ ಸುರಿಯುವಷ್ಟು ರೇಗಿತ್ತು. ಕಪ್ಪು ಕೈಗವಸಿನೊಳಗೆ ಬೆರಳುಗಳು ಬೆವರುತ್ತಿದ್ದವು.

“ಹೇಳಿಬಿಡೇ ಅಕ್ಕ,” ತಂಗಿ ಡಾರ್ಕಸ್ ಪಿಸುಗುಟ್ಟಿದಳು. “ಪಾದ್ರಿ ಬಂದ್ಮೇಲೆ ಹಾರ್ಬಾಕ್ ಎಲ್ಲರ ಮುಂದೆ ಇದನ್ನೇ ಭಾಷಣ ಮಾಡ್ತಾನಂತೆ. ಆಮೇಲೆ ಅದೇ ನಿಜ ಆಗಿಬಿಡತ್ತೆ.”

“ಹೇಳಬೇಕಾದೋನು ಅಲ್ಲಿ ಹಾಯಾಗಿ ಮಲಗಿದಾನೆ ನೋಡು. ಮೂವತ್ತು ವರ್ಷ ‘ನಾಳೆ ಹೇಳ್ತೀನಿ’ ಅಂದ. ಇನ್ನೆಲ್ಲಿಯ ನಾಳೆ!”

*

ಮದುವೆಯಾದ ಹೊಸತು. ಡಾಕ್ಟರುಗಳು ಚಿತ್ರಕ್ಕೆಂದು ಒಂದು ಗಳಿಗೆಯೂ ಕೈ ಚಾಚಿ ಅಲುಗದೆ ಕೂರುತ್ತಿರಲಿಲ್ಲ.

“ಕೆಟ್ಟಿ, ಬಾ ಇಲ್ಲಿ. ಆ ಚಾಕು ಹಿಡ್ಕೋ,” ಸೈಲಸ್ ಕೆಟುರಾಳನ್ನು ಕರೆದ.

“ಎಲೆಕೋಸು ಸೀದುಹೋಗತ್ತೆ, ಮಾರಾಯ.”

“ಸೀಯಲಿ. ಅಲುಗಾಡಬೇಡ.”

ಎಲೆಕೋಸು ಸೀದೇ ಹೋಯಿತು. ಚಿತ್ರ ನೋಡಿದರೆ ಅವಳ ಕೈಗೆ ಗಂಡಸಿನ ಕೋಟಿನ ತೋಳು! ಐದನೇ ವಯಸ್ಸಿನಲ್ಲಿ ಕೊಟ್ಟಿಗೆ ಬಾಗಿಲಿಗೆ ಸಿಕ್ಕಿ ಸೊಟ್ಟಗಾದ ಕಿರುಬೆರಳು ಮಾತ್ರ ಹಾಗೇ ಇತ್ತು.

“ಬೆರಳನ್ನಾದ್ರೂ ನೆಟ್ಟಗೆ ಮಾಡಬಾರದಾ?”

“ಇದ್ದದ್ದನ್ನ ಇದ್ದಂಗೆ ಕೊರೆಯೋನು ನಾನು.”

“ಮತ್ತೆ ಆ ತೋಳು?”

ಸೈಲಸ್ ಕೆಮ್ಮಿದ. “ಹೆಂಗಸಿನ ಕೈ ಅಂದ್ರೆ ಪುಸ್ತಕ ಯಾರು ತಗೋತಾರೆ? ನಾಳೆ ಎಲ್ಲರಿಗೂ ಹೇಳ್ತೀನಿ ಬಿಡು.”

*

“ಇನ್ನೊಂದು ಚೂರು ಪೈ ಸಿಗತ್ತಾ ಅಮ್ಮ?” ಹಾರ್ಬಾಕ್ ತಟ್ಟೆ ಚಾಚಿದರು. “ಆ ಚಿತ್ರದಲ್ಲಿ ಕಿರುಬೆರಳು ನೋಡಿದೀರಾ? ಎಷ್ಟು ನಾಜೂಕಾಗಿ ಬಾಗಿದೆ! ನನ್ನ ಹುಡುಗರಿಗೆಲ್ಲ ಹಾಗೇ ಬಾಗಿಸಿ ಚಾಕು ಹಿಡಿಯೋಕೆ ಕಲಿಸ್ತೀನಿ.”

ಕೆಟುರಾ ಬಲಗೈಯ ಗವಸನ್ನು ಕಳಚಿ ಗಂಡನ ಪೆಟ್ಟಿಗೆಯ ಮೇಲಿಟ್ಟಳು. ಚಾಕು ತೆಗೆದುಕೊಂಡು, ಅಲುಗಾಡದ ಕೈಯಲ್ಲಿ ಪೈ ಕೊಯ್ದಳು.

“ಕಲಿಸೋದಾದ್ರೆ ಪೂರ್ತಿ ಕಲಿಸಿ ಡಾಕ್ಟ್ರೇ,” ಎಂದಳು. “ಮೊದಲು ಅವರ ಬೆರಳನ್ನ ಕೊಟ್ಟಿಗೆ ಬಾಗಿಲಿಗೆ ಸಿಕ್ಕಿಸಿ.”

ಕ್ರೆಸ್‌ವೆಲ್ ಅವಳ ಕೈಯನ್ನೇ ನೋಡುತ್ತ ಅಗಿಯುವುದನ್ನು ನಿಲ್ಲಿಸಿದರು. ತಟ್ಟೆಯ ಅಂಚಿನಲ್ಲಿ ನಾಜೂಕಾಗಿ ಬಾಗಿದ್ದ ಹಾರ್ಬಾಕರ ಕಿರುಬೆರಳು ಮೆಲ್ಲಗೆ ನೆಟ್ಟಗಾಯಿತು.