ಎರಡನೇ ಸಾಲಿನಲ್ಲಿ ಅಣ್ಣನ ಜಾಗ

"ದುಡ್ಡಿಲ್ಲದೆ ಯಾರಾದ್ರೂ ಸಂಗೀತ ಕೇಳಿಸ್ತಾರೇನೋ? ಇದ್ರಲ್ಲೇನೋ ಇದೆ" ಎಂದಳು ಅಮ್ಮ.

ಅಮ್ಮ, ಅಣ್ಣ, ನಾನು, ಮೂವರೂ ಸಮುದ್ರದಂಡೆಯ ಬಯಲು ರಂಗಮಂದಿರದಲ್ಲಿ ಕೂತಿದ್ದೆವು. ವಾದ್ಯದವರು ಮಧ್ಯಾಹ್ನ ಇಲ್ಲೇ ತಾಲೀಮು ಮಾಡುತ್ತಾರೆ, ಯಾರು ಬೇಕಾದರೂ ಬಂದು ಕೇಳಬಹುದು. ನನಗಂತೂ ಖುಷಿಯೋ ಖುಷಿ. ಎಡಕ್ಕೆ ಕೂತವರದು ಒಂದು ಭಾಷೆ, ಬಲಕ್ಕೆ ಕೂತವರದು ಇನ್ನೊಂದು, ಮುಂದಿನ ಸಾಲಿನ ಅಜ್ಜಿ ಮೊಮ್ಮಗಳನ್ನು ಬೈಯುತ್ತಿದ್ದದ್ದು ಮೂರನೆಯದರಲ್ಲಿ. ಬೆವರು ಮಾತ್ರ ಎಲ್ಲರಿಗೂ ಒಂದೇ!

ಅಮ್ಮ ಬಂದಿದ್ದು ಊರು ನೋಡಲು ಅಲ್ಲ, ಅಣ್ಣನನ್ನು ನೋಡಲು. ಇಲ್ಲಿನ ಬೇಕರಿ ತರಬೇತಿ ಶಾಲೆಯಲ್ಲಿ ನನಗೆ ಸೀಟು ಸಿಕ್ಕಿತ್ತು, ಶುಕ್ರವಾರದೊಳಗೆ ಸೇರುವುದಾಗಿ ತಿಳಿಸಬೇಕಿತ್ತು. ಅಣ್ಣನ ಬದುಕು ನೆಟ್ಟಗಿದೆ ಎಂದು ಅಮ್ಮನಿಗೆ ಅನಿಸಿದರೆ ಅವನ ಮನೆಯಲ್ಲಿದ್ದು ಕಲಿಯುತ್ತೇನೆ. ಇಲ್ಲವೋ, ಅಮ್ಮನ ಜೊತೆಗೇ ವಾಪಸ್ಸು, ಚಿಕ್ಕಪ್ಪನ ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ. ಮೊಸರಲ್ಲಿ ಕಲ್ಲು ಹುಡುಕುವುದರಲ್ಲಿ ಅಮ್ಮನನ್ನು ಮೀರಿಸಿದವರಿಲ್ಲ.

ಅಣ್ಣ ಬಂದರಿನ ಸರಕು ಕಚೇರಿಯಲ್ಲಿ ಕೆಲಸಕ್ಕಿದ್ದ. ನಮಗೋಸ್ಕರ ಒಂದು ವಾರ ರಜೆ ಹಾಕಿದ್ದೇನೆ ಎಂದಿದ್ದ. ಹಡಗುಕಟ್ಟೆಯಲ್ಲಿ ದೋಣಿ ಹತ್ತಿಸಿದ. ಚಿಲ್ಲರೆ ಕಾಸಿನ ಟಿಕೆಟ್ಟು, ಇಳಿಯದೆ ಕೂತರೆ ಇಡೀ ದಿನ ಸುತ್ತಬಹುದು. ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದ, ಅಲ್ಲಿ ಬುಧವಾರ ಪುಕ್ಕಟೆ. ಎಲ್ಲ ಚೆಂದವೇ. ಆದರೆ ದೋಣಿಯ ಟಿಕೆಟ್ಟಿನವನು ಅಣ್ಣನಿಗೆ ಕಣ್ಣು ಹೊಡೆದ. ವಸ್ತುಸಂಗ್ರಹಾಲಯದ ಕಾವಲುಗಾರ ಕೇಳದೆಯೇ ಒಳಗಿನಿಂದ ಅಣ್ಣನ ಕೊಡೆ ತಂದುಕೊಟ್ಟ.

"ನಿನ್ ಕೊಡೆ ಇಲ್ಯಾಕಿತ್ತು?"

"ಮರೆತು ಹೋಗಿದ್ದೆ ಅಮ್ಮ."

"ಯಾವಾಗ?"

"ಯಾವಾಗ್ಲೋ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಿತ್ತು ಅವನ ಮುಖ. ಅಮ್ಮ ನನ್ನನ್ನು ಕಂಬದ ಮರೆಗೆ ಎಳೆದಳು.

"ಯಾರೋ ಇದಾಳೆ ಕಣೇ. ದೋಣೀಲಿ ಅವಳನ್ನ ಸುತ್ತಿಸ್ತಾನೆ. ಊರೋರಿಗೆಲ್ಲ ಗೊತ್ತು, ನಮಗಿಬ್ರಿಗೇ ಗೊತ್ತಿಲ್ಲ."

"ಇದ್ರೆ ಒಳ್ಳೇದೇ ಅಲ್ವಾ ಅಮ್ಮ?"

"ಇದ್ರೆ ಹೇಳ್ತಿದ್ದ. ಹೇಳ್ತಿಲ್ಲ ಅಂದ್ರೆ ಹೇಳೋ ಹಾಗಿಲ್ಲ."

ಅಲ್ಲಿಂದ ನನಗೂ ಅನುಮಾನ ಅಂಟಿಕೊಂಡಿತು. ಅಣ್ಣನ ಫೋನು ಒಮ್ಮೆಯಾದರೂ ರಿಂಗಾಯಿತೇ? ಇಲ್ಲ. ರಜೆಯಲ್ಲಿದ್ದವನನ್ನು ಕಚೇರಿಯವರು ಇಷ್ಟು ನೆಮ್ಮದಿಯಾಗಿ ಬಿಡುತ್ತಾರೆಯೇ? ಬಾಯಿ ಬಿಡಲಿಲ್ಲ. ಬಿಟ್ಟರೆ ನನ್ನ ಸೀಟೇ ಹೋಗುತ್ತದೆ.

ಮರುದಿನ ಬೆಳಿಗ್ಗೆ ಅಣ್ಣ ನಮ್ಮನ್ನು ದೊಡ್ಡ ಉದ್ಯಾನಕ್ಕೆ ಕರೆದುಕೊಂಡು ಹೋದ. ತಾಳೆಮರಗಳ ನಡುವಿನ ಹುಲ್ಲಿನಲ್ಲಿ ನಿವೃತ್ತರೆಲ್ಲ ಬರಿಗಾಲಲ್ಲಿ ಸಾಲಾಗಿ ನಿಂತಿದ್ದರು. ವ್ಯಾಯಾಮ ಹೇಳಿಕೊಡುವಾಕೆ ಹಿಂದೆ ಈಜು ಕಲಿಸುತ್ತಿದ್ದವರಂತೆ. ಕೊರಳಲ್ಲಿ ಪೀಪಿ ಇದ್ದುದರಿಂದ ಅಣ್ಣ ಅವರಿಗೆ ಪೀಪಿ ಮೇಡಂ ಎನ್ನುತ್ತಿದ್ದ. ಅವರು ಸೀದಾ ಬಂದು ಅಮ್ಮನ ಎರಡೂ ಕೈ ಹಿಡಿದು ಇಲ್ಲಿನ ಭಾಷೆಯಲ್ಲಿ ಮಾತಾಡತೊಡಗಿದರು. ತರಬೇತಿಗೆಂದು ಆ ಭಾಷೆಯನ್ನು ನಾನು ಕಲಿತಿದ್ದೆ, ಅಮ್ಮನಿಗೆ ಅದರ ಗಂಧವೂ ಇಲ್ಲ.

ಅವರು ಹೇಳಿದ್ದು ಇಷ್ಟು: ನಿಮ್ಮ ಮಗ ಬಂಗಾರದಂಥವನು, ಅವನ ಕಚೇರಿ ಮುಚ್ಚಿದ ಮಾರನೇ ದಿನದಿಂದ ಒಂದು ಬೆಳಿಗ್ಗೆಯೂ ತಪ್ಪಿಸಿಲ್ಲ, ಪಾಪ, ಬೇಗ ಒಂದು ಕೆಲಸ ಸಿಗಲಿ.

ಅಣ್ಣ ತಾಳೆಮರ ನೋಡುತ್ತಿದ್ದ.

"ಏನಂತೆ?" ಎಂದಳು ಅಮ್ಮ.

"ಮಗ ತುಂಬಾ ಒಳ್ಳೆಯವನಂತೆ."

"ಅಷ್ಟೇನಾ? ಅಷ್ಟುದ್ದ ಹೇಳಿದ್ಳು?"

"ಅವರ ಭಾಷೆನೇ ಉದ್ದ ಅಮ್ಮ."

ಅಮ್ಮ ನನ್ನ ಮುಖವನ್ನೇ ನೋಡಿದಳು. ಅಷ್ಟರಲ್ಲಿ ಪೀಪಿ ಕೂಗಿತು, ಸದ್ಯ ಬದುಕಿದೆ ಅಂದುಕೊಂಡೆ. ಅಣ್ಣ ಅಭ್ಯಾಸಬಲದಿಂದ ಎರಡನೇ ಸಾಲಿಗೆ ಹೋಗಿ, ಇಬ್ಬರು ಅಜ್ಜಂದಿರ ನಡುವೆ ಅವನಿಗೆಂದೇ ಬಿಟ್ಟಿದ್ದ ಜಾಗದಲ್ಲಿ ನಿಂತುಬಿಟ್ಟ. ಒಂದೊಂದು ಸಾಲಿನವರು ಒಂದೊಂದು ಭಾಷೆಯಲ್ಲಿ ಎಣಿಸುತ್ತಾ ಕೈ ಎತ್ತುತ್ತಿದ್ದರು. ಎರಡನೇ ಸಾಲಿನ ಸರದಿ ಬಂತು. ಬೇರೆ ಬೇರೆ ದೇಶದ ಮುಖಗಳ ಅಜ್ಜಂದಿರು, ಅಜ್ಜಿಯರು, ಒಂದೇ ಕೊರಳಿನಲ್ಲಿ, "ಒಂದೂ! ಎರಾಡು! ಮೂರೂ!"

ಅಮ್ಮ ಚಪ್ಪಲಿ ಬಿಟ್ಟು ಸಾಲಿನೊಳಗೆ ನುಗ್ಗಿದಳು.

"ಕಾಲು ಎತ್ತೋ."

"ಅಮ್ಮ, ಎಲ್ಲರೂ ನೋಡ್ತಿದಾರೆ..."

"ಎತ್ತು ಅಂದೆ."

ಅವನ ಪಾದಗಳ ಕೆಳಗೆ ಹುಲ್ಲಿರಲಿಲ್ಲ. ಎರಡು ಬೋಳು ಗುರುತುಗಳು, ಮಣ್ಣು ಗಟ್ಟಿಯಾಗಿ ನುಣುಪಾಗಿತ್ತು.

"ಸಂಜೆ ಮಳೆ ಬಂದ್ರೆ ಬೆಳಿಗ್ಗೆಗೆ ಮೊಣಕಾಲುದ್ದ ಹುಲ್ಲು ಬೆಳೆಯೋ ಊರಿದು. ಒಂದ್ ವಾರದ ರಜೆಗೆ ಇಷ್ಟು ಸವೆಯುತ್ತೇನೋ? ಈ ಮುದುಕರಿಗೆ ಕನ್ನಡ ಬಾಯಿಪಾಠ ಆಗೋಷ್ಟು ದಿನದಿಂದ ಬರ್ತಿದೀಯ. ಕೆಲಸ ಇರೋ ಗಂಡಸು ಈ ಹೊತ್ತಲ್ಲಿ ಇಲ್ಲಿರ್ತಾನಾ?"

ಅಕ್ಕಪಕ್ಕದವರು ಕೈ ಎತ್ತುತ್ತಲೇ ಇದ್ದರು. ಅಣ್ಣ ತಲೆ ತಗ್ಗಿಸಿ ಎಲ್ಲ ಹೇಳಿದ. ಕಚೇರಿ ಬೇರೆ ಬಂದರಿಗೆ ಹೋಯಿತು, ಇವನನ್ನು ಇಲ್ಲೇ ಬಿಟ್ಟಿತು. ಮನೆಯಲ್ಲಿ ಒಬ್ಬನೇ ಕೂರಲಾಗದೆ, ಖರ್ಚಿಲ್ಲದ ಜಾಗಗಳನ್ನೆಲ್ಲ ಹುಡುಕಿ ದಿನ ಕಳೆದಿದ್ದ.

ಅಮ್ಮ ನನ್ನ ಕಡೆ ತಿರುಗಿದಳು. "ಆಯಮ್ಮ ಹೇಳಿದ್ದು ಇದೇ ಅಲ್ವಾ?"

ನಾನು ಬಗ್ಗಿ ಅಮ್ಮನ ಚಪ್ಪಲಿ ಜೋಡಿಸಿಟ್ಟೆ.

"ಅಣ್ಣ ತಂಗಿ ಸೇರಿ ನನ್ ಕಿವಿಗೆ ಹೂ ಇಡ್ತೀರಾ? ಇವನ ಹತ್ರ ನಿನ್ನ ಬಿಟ್ಟು ಹೋದ್ರೆ ಮುಗೀತು. ನಡಿ, ಪೆಟ್ಟಿಗೆ ಕಟ್ಟು." ಎರಡು ಹೆಜ್ಜೆ ಹಾಕಿದವಳು ನಿಂತಳು. "ಇರು. ಆಯಮ್ಮನ್ನ ಕೇಳು, ಇವನು ಕೆಲಸ ಹುಡುಕ್ತಿದಾನಾ, ಇಲ್ಲ ಬರೀ ಕೈಕಾಲು ಆಡಿಸ್ಕೊಂಡು ಕಾಲ ಹಾಕ್ತಿದಾನಾ?"

ಕೇಳಿದೆ. ಪೀಪಿ ಮೇಡಂ ಅಣ್ಣನನ್ನು ನೋಡಿ, ನಿಟ್ಟುಸಿರುಬಿಟ್ಟು, ಉತ್ತರ ಕೊಟ್ಟರು. ಅಣ್ಣ ಅಮ್ಮನ ಬೆನ್ನ ಹಿಂದಿನಿಂದ ಬೇಡ ಬೇಡ ಎಂದು ತಲೆಯಾಡಿಸಿದ. ಅದನ್ನು ಹೇಳಿದರೆ ಇದ್ದ ಒಂದೆಳೆ ಆಸೆಯೂ ಕಡಿದುಹೋಗುತ್ತದೆ ಎಂದು ನನಗೂ ಗೊತ್ತಿತ್ತು. ಅಮ್ಮನ ಕಣ್ಣು ನನ್ನ ತುಟಿಯ ಮೇಲೇ ಇತ್ತು.

"ಹುಡುಕ್ತಿದಾನಂತೆ," ಎಂದೆ. "ಆದ್ರೆ ಆ ಹಳದಿ ಟೋಪಿ ಅಜ್ಜ ಇದಾರಲ್ಲ, ಅವ್ರು ಅಳಿಯನ ಗೋದಾಮಲ್ಲಿ ಮೂಟೆ ಲೆಕ್ಕ ನೋಡೋ ಕೆಲಸ ಕೊಡ್ಸಿದ್ರಂತೆ. ಅದು ನನ್ನ ಯೋಗ್ಯತೆಗೆ ಕಮ್ಮಿ ಅಂತ ಅಣ್ಣ ಹೋಗ್ಲಿಲ್ವಂತೆ. ಅವರಿಗೆಲ್ಲ ಅದು ಬೇಜಾರಾಗಿದೆಯಂತೆ."

"ಥೂ ನಿನ್ನ!" ಎಂದ ಅಣ್ಣ.

ಅಮ್ಮ ಕೂಗಾಡಲಿಲ್ಲ. ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು. "ಇದು ನಿಜ. ನಿನಗೆ ನಷ್ಟ ಆಗೋ ಮಾತನ್ನ ನೀನು ಹುಟ್ಟಿಸಿ ಹೇಳಲ್ಲ."

ಆಮೇಲೆ ಹಳದಿ ಟೋಪಿಯ ಅಜ್ಜನ ಎದುರು ಹೋಗಿ ಕೈ ಮುಗಿದಳು. ಅಳಿಯನನ್ನು ಇನ್ನೊಮ್ಮೆ ಕೇಳಲು ಆಗುತ್ತದೆಯೇ ಎಂದು ನನ್ನಿಂದ ಕೇಳಿಸಿದಳು. ಅಜ್ಜ ಕೈ ಇಳಿಸದೆಯೇ ಏನೋ ಅಂದರು.

"ಸೋಮವಾರ ಕಳಿಸಿ ಅಂತಿದಾರೆ. ಆದ್ರೆ ಹುಡುಗ ದಾರೀಲಿ ತಪ್ಪಿಸ್ಕೊಂಡಾನು, ಜೊತೇಲಿ ಯಾರಾದ್ರೂ ಇರ್ಲಿ ಅಂತಾನೂ ಅಂದ್ರು."

ಅಮ್ಮ ಚಪ್ಪಲಿ ಮೆಟ್ಟಿಕೊಂಡಳು.

"ಸೋಮವಾರ ನಾನು ನಮ್ಮೂರಲ್ಲಿರ್ತೀನಿ. ಗೋದಾಮಿನ ಬಾಗಿಲ ತನಕ ನೀನು ಹೋಗಿ ಬಿಟ್ಟು ಬಾ" ಎಂದಳು ನನಗೆ. "ಈಗ ನಿನ್ ಶಾಲೆ ಎಲ್ಲಿದೆ ತೋರ್ಸು. ಅವ್ರು ಹೇಳೋದನ್ನ ಒಂದಕ್ಷರ ಬಿಡದೆ ಹೇಳ್ಬೇಕು."